ಎದೆಗೆ ಒಳ್ಳೆಯದೆಂದು ಕುಡಿದವರು

ಮೊನ್ನೆ ಸೊಸೆ ಕೇಕಿಗೆಂದು ಒಣದ್ರಾಕ್ಷಿಯನ್ನು ಬ್ರಾಂದಿಯಲ್ಲಿ ನೆನೆಸಿಟ್ಟಿದ್ದಳು. ಡಬ್ಬಿಯ ಮುಚ್ಚಳ ತೆಗೆದೊಡನೆ ಮೂಗಿಗೆ ಬಡಿದ ಘಾಟಿಗೆ ಎದುರುಮನೆ ಡ್ರಿಲ್ ಮೇಷ್ಟ್ರು ನೆನಪಾದರು...

ನಂಜನಗೂಡಿನ ನಮ್ಮ ಬೀದಿಯಲ್ಲಿ ಕಾಫಿಯನ್ನೂ ಮುಟ್ಟದಿದ್ದವರು ಅವರೊಬ್ಬರೇ. ಲಿಂಗಪೂಜೆ ಮುಗಿಯದೆ ಬಾಯಿಗೆ ನೀರು ಬಿಡುತ್ತಿರಲಿಲ್ಲ. ಮೂಗೂರಿನಲ್ಲಿದ್ದ ಅವರಣ್ಣ ಗದ್ದೆಯ ಬದುವಿನ ಮೇಲೆ ನಡೆಯುತ್ತಲೇ ಎದೆ ಹಿಡಿದುಕೊಂಡು ಕುಸಿದರು, ಏಳಲಿಲ್ಲ. ತಂದೆಯೂ ಹಾಗೆಯೇ ಹೋಗಿದ್ದರಂತೆ. ಅಲ್ಲಿಂದ ಮೇಷ್ಟ್ರಿಗೆ ಭಯ ಹಿಡಿಯಿತು. ಮಾತಿನ ನಡುವೆ ತಮ್ಮ ನಾಡಿ ತಾವೇ ಹಿಡಿದು ನೋಡಿಕೊಳ್ಳುತ್ತಿದ್ದರು. ದಿನಾ ಸ್ವಲ್ಪ ಕುಡಿಯುವವರು ಕುಡಿಯದವರಿಗಿಂತ ಹೆಚ್ಚು ಬದುಕುತ್ತಾರೆಂದು ಟಿ.ವಿ.ಯಲ್ಲಿ ಯಾರೋ ಹೇಳಿದ್ದನ್ನು ಕೇಳಿದ್ದೇ ತಡ, ಬ್ರಾಂದಿ ತಂದರು.

"ಲಿಂಗ ಮುಟ್ಟೋ ಕೈಲಿ ಅದನ್ನ ಮುಟ್ತೀರಲ್ಲಾ..." ಎಂದು ಅವರ ಹೆಂಡತಿ, ಬೀದಿಗೆಲ್ಲ ಅಕ್ಕ, ಅತ್ತರು.

"ಔಷ್ದಿ ಕಣೇ ಇದು. ನಿನ್ ಮುತ್ತೈದೆತನಕ್ಕೇ ಕುಡೀತಿರೋದು."

ಪುಟ್ಟ ಸ್ಟೀಲ್ ಲೋಟದಲ್ಲಿ ಅಳೆದು, ಊಟಕ್ಕೆ ಮೊದಲು, ಕಷಾಯದಂತೆ ಕಣ್ಣು ಮುಚ್ಚಿ ಸುರಿದುಕೊಳ್ಳುತ್ತಿದ್ದರು. ವರ್ಷಗಳು ಕಳೆದರೂ ಅಳತೆ ಹೆಚ್ಚಲಿಲ್ಲ. ಅದರ ರುಚಿಯೂ ಅವರಿಗೆ ಹಿಡಿಸಲೇ ಇಲ್ಲ.

ಆಮೇಲೆ ಮುದ್ದೆ ಗಂಟಲಲ್ಲಿ ನಿಲ್ಲತೊಡಗಿತು. ಬಳಿಕ ಅನ್ನ, ಕೊನೆಗೆ ಗಂಜಿ. ಮೈಸೂರಿಗೆ ನಾನೇ ಕರೆದೊಯ್ದೆ. ಅನ್ನನಾಳದ ಕ್ಯಾನ್ಸರ್.

ಕುಡಿತ ಇದೆಯೇ ಎಂದು ಡಾಕ್ಟರು ಕೇಳಿದರು.

"ದಿನಾ ಒಂಚೂರು, ಸಾ. ಆರ್ಟ್‌ಗೆ ಒಳ್ಳೇದು ಅಂತ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಹಾಗಂದ ಸಂಶೋಧನೆಗಳ ಲೆಕ್ಕವೇ ಸರಿಯಿರಲಿಲ್ಲ ಮೇಷ್ಟ್ರೇ. ಕಾಯಿಲೆ ಬಂದು ಕುಡಿಯೋದು ಬಿಟ್ಟವರನ್ನೂ ಕುಡಿಯದವರ ಜೊತೆ ಸೇರಿಸಿಬಿಟ್ಟಿದ್ರು. ಅವರು ಬೇಗ ಸತ್ತರು; ಸ್ವಲ್ಪ ಕುಡಿಯೋರು ಗಟ್ಟಿ ಅಂತ ಕಾಣಿಸ್ತು, ಅಷ್ಟೇ. ಈ ಕಾಯಿಲೆಗಂತೂ ಒಂಚೂರೂ ಒಳ್ಳೇದಲ್ಲ."

ಮೇಷ್ಟ್ರ ಬೆರಳು ತಮ್ಮ ನಾಡಿಯ ಮೇಲೆ ಹೋಯಿತು. "ಅಂಗಾರೆ ನಾನ್ ಯಾತಕ್ ಕುಡ್ದೆ ಸಾ?"



ಕೊನೆಕೊನೆಗೆ ನೀರೂ ಇಳಿಯಲಿಲ್ಲ. ಮೈಯೆಲ್ಲ ಮೂಳೆಯಾಯಿತು. ಎದೆ ಮಾತ್ರ ಬಡಿಯುತ್ತಲೇ ಇತ್ತು. ನರ್ಸಮ್ಮ ನಾಡಿ ನೋಡಿ, "ಆರ್ಟ್ ಗಟ್ಟಿಯಾಗೇ ಅದೆ ಕಣವ್ವ" ಎಂದರು. ಮುತ್ತೈದೆತನ ಬೇಡುತ್ತ ಬದುಕಿದ್ದ ಆ ಹೆಂಗಸು ಗಂಡನ ಎದೆಯ ಮೇಲೆ ಕೈಯಿಟ್ಟು, "ನಿಲ್ಸಪ್ಪಾ ನಂಜುಂಡಪ್ಪಾ, ಇನ್ ನಿಲ್ಸು" ಎಂದು ಬೇಡಿಕೊಂಡರು. ಮಾರನೆಯ ಸಂಜೆ ನಿಂತಿತು.

ಮೇಷ್ಟ್ರಿಲ್ಲದ ಎದುರುಮನೆಗೆ ಈಗಲೂ ಹೋಗಿ ಕೂರುತ್ತೇನೆ. "ಕುಡೀದೇ ಇದ್ದಿದ್ರೆ ಉಳೀತಿದ್ರಾ?" ಎಂದು ಅಕ್ಕ ಕೇಳುತ್ತಾರೆ. ಒಬ್ಬೊಬ್ಬರ ವಿಷಯದಲ್ಲಿ ಹಾಗೆ ಹೇಳಲಾಗದೆಂದು ಡಾಕ್ಟರೂ ಅಂದಿದ್ದರು. ಉಳಿಯುತ್ತಿದ್ದರು ಎಂದರೆ ಅಕ್ಕ ತಾಳಲಾರರು. ಇಲ್ಲವೆಂದರೆ ನಂಬಲಾರರು.

ಸ್ವಲ್ಪ ಹೊತ್ತಿಗೆ ಅವರು ಮತ್ತೆ ಕೇಳುತ್ತಾರೆ.