ಜಡೆ ಕತ್ತರಿಸಿದ ಕೈ

ನನ್ನ ಸೋದರತ್ತೆಯ ಬೆರಳುಗಳು ವರ್ಷವಿಡೀ ಉರಿಯುತ್ತಿದ್ದವು. ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವುದೇ ಅವಳ ದುಡಿಮೆ. ಉಗುರಿನ ಸಂದಿಯಲ್ಲಿ ಕೆಂಪು ಕೂತುಬಿಟ್ಟಿತ್ತು. ಎಷ್ಟು ತೊಳೆದರೂ, ಎಣ್ಣೆ ಹಚ್ಚಿದರೂ ಖಾರ ಬಿಡುತ್ತಿರಲಿಲ್ಲ. ಆ ಕೈಯಿಂದ ಕಪಾಳಕ್ಕೆ ಬಿದ್ದರೆ ಎರಡು ಸಲ ಉರಿಯುತ್ತದೆ ಎಂದು ಓಣಿಯ ಹುಡುಗರು ಹೇಳುತ್ತಿದ್ದರು. ಅದು ಸುಳ್ಳಲ್ಲ, ನಾನು ತಿಂದು ನೋಡಿದ್ದೇನೆ.

ನಾಲಿಗೆಯೂ ಕೈಗಿಂತ ಕಡಿಮೆಯದಲ್ಲ. ಮಲಪ್ರಭೆಯ ದಂಡೆಯ ನಮ್ಮೂರಿನಲ್ಲಿ ಅವಳ ಬಾಯಿಗೆ ಹೆದರಿ ದಾರಿ ಬದಲಿಸುವವರಿದ್ದರು. ಸತ್ತವರ ಮನೆಗೆ ಹೋದರೆ, ಎದೆ ಬಡಿದುಕೊಳ್ಳುತ್ತಿರುವ ಸೊಸೆಗೆ, "ಇದ್ದಾಗ ಒಂದು ಬಿಸಿ ರೊಟ್ಟಿ ಹಾಕಿದ್ರ ಸಾಕಾಗಿತ್ತು" ಎಂದುಬಿಡುವಳು. ಗಂಡ ಸತ್ತ ಮೇಲೆ ತವರಿಗೆ ಬಂದು, ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ ತಾನೇ ದುಡಿದು ತಾನೇ ಉಣ್ಣುತ್ತಿದ್ದಳು. ತಮ್ಮನ ಮನೆಯ ಅನ್ನ ತನಗೆ ಹೇಲು ಎನ್ನುತ್ತಿದ್ದಳು, ಅದೂ ಅಪ್ಪನ ಎದುರಿಗೇ.

ನಾನು ಹತ್ತನೆಯ ತರಗತಿಗೆ ಬಂದ ವರ್ಷ ನನಗೆ ಏನೋ ಆಯಿತು. ಏನಾಯಿತು ಎಂದು ಈಗಲೂ ಜನ ಕೇಳುತ್ತಾರೆ; ಯಾವನದಾದರೂ ಹೆಸರು ಹೇಳಿದರೆ ಅವರಿಗೆ ಸಮಾಧಾನ. ಯಾರೂ ಇರಲಿಲ್ಲ. ಬೆಳಿಗ್ಗೆ ಏಳುವುದೇ ಭಾರವಾಯಿತು, ಆಮೇಲೆ ಉಣ್ಣುವುದು, ಆಮೇಲೆ ಮಾತು. ಶಾಲೆ ಬಿಟ್ಟೆ. ಅವ್ವ ತಲೆ ಬಾಚಲು ಬಂದರೆ ಚೀರುತ್ತಿದ್ದೆ. ಮೊದಮೊದಲು ಮೈಗಳ್ಳಿ ಎಂದು ಬೈದರು, ಬಡಿದರು. ಒಂದು ದಿನ ಅವ್ವ ನನ್ನ ತಲೆಯ ಮೇಲೆ ಕೈಯಾಡಿಸಿ ತಟ್ಟನೆ ಹಿಂದೆ ಸರಿದಳು. ಕೂದಲು ಗಂಟುಗಂಟಾಗಿ ಜಡೆಗಟ್ಟಿತ್ತು.

ನಮ್ಮ ಕಡೆ ಕೂದಲು ಜಡೆಗಟ್ಟಿತು ಎಂದರೆ ಮೈಮೇಲೆ ದೇವಿ ಬಂದಳು ಎಂದರ್ಥ. ಅದಕ್ಕೆ ಕತ್ತರಿ ಮುಟ್ಟಿಸುವಂತಿಲ್ಲ. ನಿನ್ನೆಯವರೆಗೆ ಮೈಗಳ್ಳಿಯಾಗಿದ್ದವಳು ಅವತ್ತಿನಿಂದ ತಾಯಿಯಾದೆ. ಓಣಿಯ ಹೆಂಗಸರು ಜಡೆಗೆ ಅರಿಷಿಣದ ಭಂಡಾರ ಹಚ್ಚಿ ಕಾಲಿಗೆ ಬಿದ್ದರು, ಮಕ್ಕಳಿಗೆ ನೌಕರಿ ಬೇಡಿದರು. ಉಣ್ಣದಿದ್ದರೆ ಅದು ಉಪವಾಸ, ಮಾತಾಡದಿದ್ದರೆ ಮೌನವ್ರತ. ಹುಡುಗಿ ಕಣ್ಣೆದುರೇ ಒಣಗಿ ಕಡ್ಡಿಯಾಗುತ್ತಿದ್ದರೆ ಅವರಿಗೆ ಮುಖದಲ್ಲಿ ಕಳೆ ಕಾಣುತ್ತಿತ್ತು.

ಅತ್ತೆ ಮಾತ್ರ ಕೈ ಮುಗಿಯಲಿಲ್ಲ. ಒಂದು ಸಂಜೆ ನೆರೆಮನೆಯ ಪುಟ್ಟ ಹುಡುಗಿ ನನ್ನ ಕಾಲ್ಗೆಜ್ಜೆ ಹಾಕಿಕೊಂಡು ಕುಣಿಯುವುದು ಅವಳ ಕಣ್ಣಿಗೆ ಬಿತ್ತು. ನಾನೇ ಕೊಟ್ಟಿದ್ದೆ. ಕಂಪಾಸ್ ಪೆಟ್ಟಿಗೆ, ರಿಬ್ಬನ್ನು, ಹಬ್ಬದ ಲಂಗ ಎಲ್ಲವನ್ನೂ ಒಂದೊಂದಾಗಿ ಹಂಚಿಬಿಟ್ಟಿದ್ದೆ. ಅದು ದೇವಿಯ ದಾನ ಎಂದು ಅವ್ವ ಹೆಮ್ಮೆಪಟ್ಟಳು. ಅತ್ತೆ ಮೆಣಸಿನಕಾಯಿಯ ರಾಶಿ ಬಿಟ್ಟು ಎದ್ದು ಬಂದು ಅಪ್ಪನೆದುರು ನಿಂತಳು.

"ಯಾರ ದಾನಾ? ನನ್ನ ಗಂಡ ಜೀವಾ ಕಳಕೊಳ್ಳೂ ಮೊದಲ ತನ್ನ ಕೈಗಡಿಯಾರ ಆಳಿಗೆ ಕೊಟ್ಟಿದ್ದ. ಎಂಥಾ ದೊಡ್ಡ ಮನಸು ಅಂತ ನಾ ಹಿಗ್ಗಿದ್ದೆ. ವಾರದಾಗ ಹೆಣಾ ಹೊತಗೊಂಡು ಬಂದ್ರು. ಬದುಕೋರು ಕೂಡಿಡ್ತಾರ, ಹೊಂಟೋರು ಹಂಚತಾರ."

ಅಷ್ಟು ಹೇಳಿ ಆ ಖಾರದ ಬೆರಳುಗಳನ್ನು ನನ್ನ ಜಡೆಯೊಳಗೆ ತುರುಕಿದಳು. ಒಳಗೆ ಹೇನು ಕಡಿದು ಹುಣ್ಣಾಗಿದ್ದ ನೆತ್ತಿಗೆ ಬೆಂಕಿ ಬಿದ್ದಂತಾಯಿತು. ಎಷ್ಟೋ ತಿಂಗಳಿಂದ ಬಾಯಿ ಬಿಡದವಳು ದೊಡ್ಡ ದನಿ ತೆಗೆದು ಅಳತೊಡಗಿದೆ. ಅವಳು ಕೈ ತೆಗೆಯಲಿಲ್ಲ.

"ಅಳು. ಉರೀತೈತಿ ಅಂದ್ರ ಇನ್ನೂ ಜೀವ ಐತಿ."

ಕುರಿಯ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ತಂದಾಗ ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಬ್ಯಾಡ್ರಿ ಅಕ್ಕಾರ, ದೇವಿ ಮುನೀತಾಳ."

"ಮುನಿದ್ರ ನನಗ ಮುನೀಲಿ. ಕೂಸಿನ ತಲಿ ಮ್ಯಾಲೆ ಕುಂತು ಆಕಿನ್ನ ತಿನ್ನೂದು ದೇವಿ ಅಲ್ಲ, ರೋಗ. ನಾಳೆ ಧಾರವಾಡಕ್ಕ ಕರಕೊಂಡು ಹೊಂಟೀನಿ."

ಧಾರವಾಡಕ್ಕೆ ಕಳಿಸುವುದು ಎಂದರೆ ನಮ್ಮಲ್ಲಿ ಹುಚ್ಚರ ದವಾಖಾನೆಗೆ ಕಳಿಸುವುದು, ಅದೊಂದು ಬೈಗುಳ. ಅಪ್ಪ ಗೋಗರೆದ. "ಅಕ್ಕಾ, ಆಮ್ಯಾಲೆ ಇಕಿನ್ನ ಯಾರು ಲಗ್ನಾ ಆಗ್ತಾರ?"

"ಹೆಣಾನ್ನ ಯಾರು ಆಗ್ತಾರ, ಅದನ್ನ ಮೊದಲ ಹೇಳು."

ಮಾರನೆಯ ದಿನ ನರಗುಂದದ ಮೇಲೆ ಧಾರವಾಡಕ್ಕೆ ಹೋಗುವ ಬಸ್ಸಿನಲ್ಲಿ ಗುರುತಿನವರೊಬ್ಬರು ಎಲ್ಲಿಗೆ ಎಂದು ಕೇಳಿದರು. ಮದುವೆಗೆ ಎಂದು ಸುಳ್ಳು ಹೇಳಬಹುದಿತ್ತು. ಅತ್ತೆ ಇಡೀ ಬಸ್ಸಿಗೆ ಕೇಳುವಂತೆ, "ಹುಡುಗಿ ಮನಸಿಗೆ ಜಡ್ಡಾಗೈತಿ, ಡಾಕ್ಟರಿಗೆ ತೋರಸಾಕ ಹೊಂಟೀನ್ರಿ" ಎಂದಳು. ಜಡೆ ಕತ್ತರಿಸಿದ ತಲೆಯನ್ನು ಅತ್ತೆಯ ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದ ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಮನೋವೈದ್ಯರು ಸುತ್ತಿ ಬಳಸದೆ ಕೇಳಿದರು, "ಸಾಯಬೇಕು ಅನಸ್ತದೇನವಾ?" ಅದುವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಹೌದೆಂದು ತಲೆಯಾಡಿಸಿದೆ. ಹೊರಗೆ ಬಂದ ಮೇಲೆ ಅತ್ತೆ, "ಮೊದಲ ಹೇಳಾಕ ಬಾಯಾಗ ಏನ್ ಇಟಗೊಂಡಿದ್ದಿ?" ಎಂದು ಗದರಿದಳು. ಊರಿಗೆ ಬಂದ ಮೇಲೆ ಗುಳಿಗೆ ನುಂಗಿದೆನೋ ಇಲ್ಲವೋ ಎಂದು ದಿನಾ ಬಾಯಿ ತೆರೆಸಿ ನೋಡುತ್ತಿದ್ದಳು. ತಿರುಗಿ ಶಾಲೆಗೆ ಹೋಗಲು ವರ್ಷ ಹಿಡಿಯಿತು. ಈಗ ಗಜೇಂದ್ರಗಡದಲ್ಲಿ ಹೈಸ್ಕೂಲಿನ ಮಕ್ಕಳಿಗೆ ಪಾಠ ಹೇಳುತ್ತೇನೆ. ಯಾವುದಾದರೂ ಹುಡುಗಿ ಮಂಕಾಗಿ, ಇಷ್ಟದ ವಸ್ತುಗಳನ್ನು ಹಂಚತೊಡಗಿದರೆ ನಾನು ಹೊಗಳುವುದಿಲ್ಲ; ಹತ್ತಿರ ಕೂರಿಸಿಕೊಂಡು ಆ ವೈದ್ಯರು ಕೇಳಿದ್ದನ್ನೇ ಕೇಳುತ್ತೇನೆ.

ನಾನು ನೆಟ್ಟಗಾದದ್ದನ್ನು ಊರು ದೇವಿಯ ದಯೆ ಎಂದಿತು. ಅತ್ತೆಗೆ ಲಕ್ವ ಹೊಡೆದಾಗ ದೇವಿಯ ಶಾಪ ಎಂದಿತು. ಅವಳ ಖೋಲಿಗೆ ಹೋಗುವುದನ್ನು ಎಲ್ಲರೂ ಬಿಟ್ಟರು. ಅವ್ವ ತಾಟನ್ನು ಹೊಸ್ತಿಲ ಒಳಗೆ ತಳ್ಳಿ, ತಿರುಗಿ ನೋಡದೆ ಬರುತ್ತಿದ್ದಳು. ಗಜೇಂದ್ರಗಡಕ್ಕೆ, ನನ್ನ ಗಂಡನ ಮನೆಗೆ ಬಾ ಎಂದು ನಾನು ಕರೆದರೆ, "ಬೀಗರ ಮನ್ಯಾಗ ಬಿದ್ದು ಸಾಯಾಕ ನಾ ಏನ್ ಗತಿಗೇಡಿ ಏನ?" ಎನ್ನುವಳು. ರವಿವಾರ ಹೋಗಿ ಮೈ ತೊಳೆದು ತಲೆ ಬಾಚುತ್ತಿದ್ದೆ. "ಸಾವಕಾಶ ಜಗ್ಗು, ಅದು ನಿಮ್ಮಪ್ಪನ ಎತ್ತಿನ ಬಾಲ ಅಲ್ಲ" ಎಂದು ಪ್ರತಿ ಸಲ ಬೈಯುತ್ತಿದ್ದಳು.

ನನ್ನ ಹೆರಿಗೆ ಕಷ್ಟವಾಗಿ ಹೊಟ್ಟೆ ಕೊಯ್ದರು; ತವರಿಗೆ ಬರಲಾಗದೆ ತಿಂಗಳುಗಟ್ಟಲೆ ಗಜೇಂದ್ರಗಡದಲ್ಲೇ ಉಳಿದೆ. ಬಾಣಂತನ ಮುಗಿಯುವ ಮೊದಲೇ ಅವಳು ತೀರಿಕೊಂಡ ಸುದ್ದಿ ಬಂತು.

ಕೂಸನ್ನು ಕಟ್ಟಿಕೊಂಡು ಹೋದೆ. ಬದುಕಿದ್ದಾಗ ಹೊಸ್ತಿಲು ತುಳಿಯದ ಹೆಂಗಸರೆಲ್ಲ ಹೆಣದ ಸುತ್ತ ಕೂತಿದ್ದರು. ಯಾರೂ ಬಾಚದೆ ಬಿಟ್ಟ ಅತ್ತೆಯ ಬಿಳಿಗೂದಲು ಜಡೆಗಟ್ಟಿತ್ತು. ಅದಕ್ಕೆ ಭಂಡಾರ ಹಚ್ಚಿದ್ದರು.

"ನೋಡವಾ, ಕಡೀಕ ಆಕಿ ಮ್ಯಾಲೂ ಬಂದ್ಳು ತಾಯಿ" ಎಂದು ಒಬ್ಬಳು ಕೈ ಮುಗಿದಳು.

"ಯವ್ವಾ, ಆ ಕುರಿ ಕತ್ತರಿ ಕೊಡು" ಎಂದೆ ಅವ್ವನಿಗೆ. ಅವಳು ಎದ್ದು ಹೋಗಿ ತಂದುಕೊಟ್ಟಳು.

ಗಂಟುಗಳನ್ನು ಕತ್ತರಿಸಿ, ಉಳಿದ ಕೂದಲಿಗೆ ಎಣ್ಣೆ ಹಚ್ಚಿ ಬಾಚಿದೆ. ನಡುವೆ ಹಣಿಗೆ ಸಿಕ್ಕಿಕೊಂಡಾಗ ಜೋರಾಗಿ ಜಗ್ಗಿದೆ. ಬೈಗುಳಕ್ಕಾಗಿ ಕಾದೆ.