ಉಗುರಿನ ಬಣ್ಣ ಒಣಗುವ ತನಕ

ವೈನಿಯ ಬಲಗೈ ತೋರುಬೆರಳಿನ ಉಗುರಿನ ತುದಿಯಲ್ಲಿ ಒಂದು ಸಣ್ಣ ಕಚ್ಚು ಇತ್ತು. ಮಗ್ಗದ ಲಾಳಿಗೆ ಹಾಕುವ ಕಂಡಿಕೆ ಸುತ್ತುವಾಗ ನೂಲು ವರ್ಷಗಟ್ಟಲೆ ಅಲ್ಲಿಯೇ ಹರಿದು ಕೊರೆದದ್ದು. ಉಗುರು ಕತ್ತರಿಸಿದರೂ ಕೆಲವೇ ದಿನಗಳಲ್ಲಿ ಮತ್ತೆ ಮೂಡುತ್ತಿತ್ತು. ಅವರು ಅದನ್ನು ಮುಚ್ಚಲು ಹೋಗುತ್ತಿರಲಿಲ್ಲ. ಅದರ ಕೆಳಗೆ ಬಿಳಿ ಚುಕ್ಕಿಗಳನ್ನಿಟ್ಟು ಹೂವು ಮಾಡಿಬಿಡುತ್ತಿದ್ದರು.

ನಾನು ಚಿಮ್ಮಡದಿಂದ ಮದುವೆಯಾಗಿ ಬನಹಟ್ಟಿಗೆ ಬಂದಾಗ ಅವರು ಬಾಜೂ ಮನೆಯಲ್ಲಿದ್ದರು. ನಿಮ್ಮ ಅಜ್ಜ ಅವರ ಗಂಡನನ್ನು ಅಣ್ಣಾ ಎನ್ನುತ್ತಿದ್ದರು, ಹಾಗಾಗಿ ನನಗೆ ಅವರು ವೈನಿ, ಅತ್ತಿಗೆ. ಬೇರೆ ಸಂಬಂಧವೇನೂ ಇರಲಿಲ್ಲ. ನಿಮ್ಮ ಅಜ್ಜನಿಗಿಂತ ಎಷ್ಟೋ ಮೊದಲೇ ಅವರ ಗಂಡ ತೀರಿಕೊಂಡರು. ಕುಂಕುಮ ಹೋಯಿತು, ಹಸಿರು ಬಳೆ ಹೋಯಿತು. ಉಗುರಿನ ಬಣ್ಣವನ್ನು ಮಾತ್ರ ಅವರು ಬಿಡಲಿಲ್ಲ.

ಒಮ್ಮೆ ನಳದ ಹತ್ತಿರ ಓಣಿಯ ಮುದುಕಿಯೊಬ್ಬರು, ಗಂಡ ಹೋದ ಮೇಲೆ ಇದೆಲ್ಲ ಯಾರಿಗೆ ತೋರಿಸಲಿಕ್ಕೆ ಎಂದು ಕೇಳಿದರು. ವೈನಿ ತುಂಬಿದ ಕೊಡ ಕೆಳಗಿಡಲೂ ಇಲ್ಲ.

"ನನಗ ತೋರ್ಸಾಕ ಆಯಿ. ಮುಂಜಾನಿಂದ ಸಂಜಿತನಾ ಕಂಡಿಕಿ ಸುತ್ತತೇನಿ. ನನ್ನ ಕಣ್ಣ ಮುಂದ ಇರಾವು ಈ ಹತ್ತ ಬೆರಳ. ಅವಾದ್ರೂ ಛಂದ ಇರಲಿ."

ಅವರ ಸಾಮಾನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಸಂತೆಯಲ್ಲಿ ಬಳೆ ಮಾರುವವರಿಂದ ಕೊಂಡ ಕೆಂಪು ಮತ್ತು ಬಿಳಿ ಶೀಸೆ. ಉಗುರು ಉಜ್ಜಲು ಕಡ್ಡಿಪೆಟ್ಟಿಗೆಯ ಮಗ್ಗುಲು. ಕೈಗೆ ಹತ್ತಿದ ನೂಲಿನ ಬಣ್ಣ ತೆಗೆಯಲು ಹಿಂಡಿದ ನಿಂಬೆಯ ಸಿಪ್ಪೆ. ಚುಕ್ಕಿಗೆ ಕಸಬರಿಗೆಯ ಕಡ್ಡಿ. ಉಗುರಿನ ಸುತ್ತಲಿನ ಚರ್ಮಕ್ಕೆ ತುಸು ಕೊಬ್ಬರಿ ಎಣ್ಣೆ ಸವರುತ್ತಿದ್ದರು, ಆಚೀಚೆ ತಾಗಿದ ಬಣ್ಣ ಅರಿವೆಯಿಂದ ಒರೆಸಿದರೆ ಹೋಗಲಿ ಎಂದು. ನೀವು ಫೋನಿನಲ್ಲಿ ನೋಡಿ ನೋಡಿ ಎಳೆಯುವ ಗೆರೆಯನ್ನು ಅವರು ನೂಲಿನಿಂದ ಮಾಡುತ್ತಿದ್ದರು. ಮೊದಲು ಬಿಳಿ ಹಚ್ಚಿ ಪೂರ್ತಿ ಒಣಗಿಸುವುದು. ಅದರ ಮೇಲೆ ಒಂದೆಳೆ ನೂಲನ್ನು ಬಿಗಿಯಾಗಿ ಹಿಡಿದು ಕೆಂಪು ಹಚ್ಚುವುದು. ಕೆಂಪು ಹಸಿ ಇರುವಾಗಲೇ ನೂಲು ಎತ್ತಿಬಿಡುವುದು. ನೂಲು ಇದ್ದಲ್ಲಿ ಬಿಳಿ ಗೆರೆ ಉಳಿಯುತ್ತಿತ್ತು, ಸೀರೆಯ ದಡಿಯಲ್ಲಿ ಇರುತ್ತದಲ್ಲ, ಹಾಗೆ. ನೂಲಿಗೇನು, ಮನೆ ತುಂಬ ಬಿದ್ದಿರುತ್ತಿತ್ತು.

ಒಂದು ನೇಮವಿತ್ತು. ಬಣ್ಣ ಒಣಗುವ ತನಕ ಏನನ್ನೂ ಮುಟ್ಟಬಾರದು. ದಿನವಿಡೀ ಕೈ ನಿಲ್ಲಿಸದ ಆ ಹೆಂಗಸು ಆಗ ಮಾತ್ರ ಕಟ್ಟೆಯ ಮೇಲೆ ಬೆರಳು ಹರವಿಕೊಂಡು ಕೂತುಬಿಡುತ್ತಿದ್ದರು. ಸೊಸೆ ಬಂದು ಬಾಯಿಗೆ ಚಹಾದ ಕಪ್ಪು ಹಿಡಿಯಬೇಕು. ನನಗೆ ನಗು ಬರುತ್ತಿತ್ತು.

"ನಗತೀಯೇನ ಬೇ? ಹೆಣಮಕ್ಕಳಿಗೆ ಸುಮ್ಮ ಕುಂದ್ರಾಕ ಬ್ಯಾರೆ ಯಾವ ನೆವಾ ಐತಿ ಹೇಳ ನೋಡೂಣ?" ಎನ್ನುತ್ತಿದ್ದರು.

ನಿಮ್ಮ ಅಜ್ಜ ಹೋದ ಮೇಲೆ ನಾನು ಕೈಗಳನ್ನು ಸೆರಗಿನೊಳಗೆ ಇಟ್ಟುಕೊಳ್ಳುವುದನ್ನು ಕಲಿತೆ. ಯಾರ ಮನೆಯಲ್ಲಿ ಮದುವೆ, ತೊಟ್ಟಿಲ ಕಾರ್ಯವಾದರೂ ಅಡುಗೆಮನೆ ಸೇರುತ್ತಿದ್ದೆ. ಹೋಗು ಎಂದು ಯಾರೂ ಅನ್ನುತ್ತಿರಲಿಲ್ಲ. ನಾನೇ ಹೋಗುತ್ತಿದ್ದೆ.

ನಿಮ್ಮಲ್ಲಿ ಹಿರಿಯವಳು ಹೊಟ್ಟೆಯಲ್ಲಿದ್ದಾಗ ನಮ್ಮ ಮನೆಯಲ್ಲಿಯೇ ಕುಬಸ ಮಾಡಿದೆವು. ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕಾರ್ಯ. ನಿಮ್ಮ ತಾಯಿ ಹಟ ಹಿಡಿದಿದ್ದಳು, ಮೊದಲು ಅವ್ವನೇ ಉಡಿ ತುಂಬಬೇಕೆಂದು. ನಾನು ಒಲ್ಲೆ ಎಂದೆ. ಮುಧೋಳದಿಂದ ಬೀಗರು ಬರುವವರಿದ್ದರು. ಮಂದಿಯ ಮಾತಿನ ಅಂಜಿಕೆ ಒಂದು ಪಾಲಾದರೆ, ಮುತ್ತೈದೆಯಲ್ಲದ ನನ್ನ ಕೈಯಿಂದ ಕೂಸಿಗೆ ಏನಾದರೂ ಆದೀತೆಂಬ ಅಂಜಿಕೆ ಮೂರು ಪಾಲು. ಅವಳು ಅತ್ತು ಸುಮ್ಮನಾದಳು.

ಆ ಮುಂಜಾನೆ ನಾನು ಹೂರಣ ರುಬ್ಬುತ್ತಿದ್ದಾಗ ವೈನಿ ಡಬ್ಬಿ ಹಿಡಿದು ಬಂದರು. ನನ್ನ ಕೈ ತೊಳೆಸಿ, ಪಡಸಾಲೆಗೆ ಕರೆತಂದು ಗೋಡೆಗೆ ಕೂರಿಸಿದರು.

"ಬ್ಯಾಡ್ರಿ ವೈನಿ. ಮಂದಿ ಬರಾಕತ್ತಾರ."

"ಬಂದ್ರ ಬರ್ಲಿ. ನೀ ಕೈ ಚಾಚ."

ಎಂದೂ ಇಲ್ಲದಷ್ಟು ದಪ್ಪಗೆ ಹಚ್ಚಿದರು, ಒಂದರ ಮೇಲೊಂದು. ಆಮೇಲೆ ನನಗೆ ಅಡುಗೆಮನೆಗೆ ಹೋಗಿಯೂ ಉಪಯೋಗವಿರಲಿಲ್ಲ. ಸೆರಗಿನೊಳಗೆ ಕೈ ಎಳೆದುಕೊಂಡರೆ ಬಿಳಿ ಸೀರೆಗೆಲ್ಲ ಕೆಂಪು. ಹತ್ತೂ ಬೆರಳು ಮೊಣಕಾಲ ಮೇಲೆ ಹರವಿಕೊಂಡು, ತಲೆ ತಗ್ಗಿಸಿ ಕೂತೆ. ಬಂದವರೆಲ್ಲ ನನ್ನ ಮುಂದಿನಿಂದಲೇ ಒಳಗೆ ಹೋದರು.

ಮುಧೋಳದ ಬೀಗತಿ ನಿಂತೇಬಿಟ್ಟರು. "ಇದೇನ್ರಿ ಬೀಗತ್ಯಾರ, ಮದಲಗಿತ್ತಿ ಕುಂತಂಗ ಕುಂತೀರಿ?"

ಉತ್ತರ ಕೊಟ್ಟವರು ವೈನಿ. "ಒಣಗಾಕ ಇಟ್ಟೇವ್ರಿ. ಹಪ್ಪಳಾ ಇಡೂದಿಲ್ಲೇನ ಬಿಸಲಾಗ, ಹಂಗ."

ಪಡಸಾಲೆಯೆಲ್ಲ ನಕ್ಕಿತು. ಬೀಗತಿಯೂ ನಕ್ಕು ನನ್ನ ಬಾಜೂ ಕೂತು, ನನ್ನ ಬೆರಳು ಹಿಡಿದು, ಈ ಬಿಳಿ ಗೆರೆ ಹೇಗೆ ಬಿಟ್ಟಿರಿ ಎಂದು ಕೇಳತೊಡಗಿದರು. ವೈನಿ ಅವರಿಗೆ ನೂಲಿನ ಕಥೆ ಹೇಳುತ್ತ ಕೂತರು. ಅಷ್ಟರಲ್ಲಿ ಮಣೆಯ ಮೇಲಿದ್ದ ನಿಮ್ಮ ತಾಯಿ ನನ್ನನ್ನು ಕರೆದಳು.

"ಅವ್ವಾ, ಒಣಗಿತೇನು?"

ಹೂಂ ಎಂದೆ, ಯೋಚಿಸದೆ.

"ಹಂಗಂದ್ರ ಬಾ. ಉಡಿ ತುಂಬು."

ವೈನಿ, ನಿಮ್ಮ ತಾಯಿ ಇಬ್ಬರೂ ಕೂಡಿಯೇ ಇದನ್ನು ಮಾಡಿದ್ದರೆಂದು ನನಗೆ ಆಮೇಲೆ ತಿಳಿಯಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬೀಗತಿ ಮೆಲ್ಲಗೆ ನನ್ನ ಬೆನ್ನಿಗೆ ಕೈ ಹಚ್ಚಿ ಏಳಿಸಿದರು. ನಾನು ಬೊಗಸೆ ತುಂಬ ಅಕ್ಕಿ ತೆಗೆದುಕೊಂಡು ಮಗಳ ಉಡಿಗೆ ಹಾಕಿದೆ. ಬಣ್ಣ ನಿಜವಾಗಿ ಒಣಗಿರಲಿಲ್ಲ. ಹೆಬ್ಬೆರಳಿನ ಉಗುರಿಗೆ ಒಂದು ಅಕ್ಕಿಕಾಳು ಅಂಟಿಕೊಂಡಿತು. ತಾನಾಗಿ ಉದುರುವ ತನಕ ನಾನದನ್ನು ಕೀಳಲಿಲ್ಲ. ಹುಟ್ಟಿದ ಕೂಸು ಹೇಗಿದೆ ಎಂದು ನಿಮಗೆ ಹೇಳಬೇಕಾಗಿಲ್ಲ, ಈಗ ಅವಳೇ ತಂಗಿಯರ ಉಗುರಿಗೆ ಬಣ್ಣ ಹಚ್ಚುತ್ತಾಳೆ.

ಹೋದ ಚಳಿಗಾಲದಲ್ಲಿ ವೈನಿಗೆ ಉಸಿರಿನ ತೊಂದರೆಯಾಗಿ ಜಮಖಂಡಿಯ ದವಾಖಾನೆಗೆ ಸೇರಿಸಿದರು. ಉಸಿರಿನ ಮಟ್ಟ ನೋಡುವ ಕ್ಲಿಪ್ಪನ್ನು ಬೆರಳಿಗೆ ಹಾಕಲು ನರ್ಸಮ್ಮ ಒಂದು ಉಗುರಿನ ಬಣ್ಣ ಒರೆಸಿದ್ದರು. ನಾನು ನೋಡಲು ಹೋದಾಗ ವೈನಿ ಆ ಬೆರಳನ್ನೇ ಎತ್ತಿ ತೋರಿಸಿದರು.

"ಇದೊಂದ ಬೋಳ ಆತ ನೋಡ. ಮನಿಗಿ ಬಂದ ಮ್ಯಾಲೆ ಹಚ್ಚ."

ಹಚ್ಚುತ್ತೇನೆ ಎಂದೆ. ಅವರು ಜೀವಂತವಾಗಿ ಮನೆಗೆ ಬರಲಿಲ್ಲ.

ಅವರ ಮೈ ತೊಳೆದು, ವಿಭೂತಿ ಹಚ್ಚಿ, ನಮ್ಮ ರೂಢಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಕೈಗಳು ತೊಡೆಯ ಮೇಲಿದ್ದವು. ಹಿರಿಯರೊಬ್ಬರು, ಮಣ್ಣಿಗೆ ಹೋಗುವಾಗ ಈ ಬಣ್ಣ ಸರಿಯಲ್ಲ, ಒರೆಸಿಬಿಡಿ ಎಂದರು. ಸೊಸೆ ಅಳುತ್ತಲೇ ಅರಿವೆ ತರಲು ಎದ್ದಳು. ನಾಲ್ಕು ಜನರ ಮುಂದೆ ನಾನು ಎಂದೂ ದನಿ ಎತ್ತಿದವಳಲ್ಲ.

"ಒರಸಬ್ಯಾಡ್ರಿ," ಎಂದೆ. "ಇನ್ನಾ ಒಂದ ಬೆರಳ ಉಳದೈತಿ."

ಗೋಡೆಯ ಮಾಡದಲ್ಲಿದ್ದ ಡಬ್ಬಿ ತಂದೆ. ನೂಲಿನ ಗೆರೆ ಬಿಡಲು ನನಗೆ ಆಗಲಿಲ್ಲ. ಬರೀ ಕೆಂಪು ಹಚ್ಚಿ, ಸೀರೆಗೆ ತಾಗದಂತೆ ಆ ಕೈಯನ್ನು ನನ್ನ ಕೈಯಲ್ಲಿ ಹಿಡಿದು ಕೂತೆ. ಎತ್ತುವವರು ಬಾಗಿಲಿಗೆ ಬಂದು ನಿಂತಿದ್ದರು. ಅವರಲ್ಲೊಬ್ಬ ಬಗ್ಗಿ, ಆತೇನ್ರಿ ಕಾಕು ಎಂದು ಕೇಳಿದ.

ಇನ್ನೂ ಒಣಗಿಲ್ಲ ಎಂದೆ. ಅವರು ಕಾದರು.