ಬಾವನ ಕಾರಿನ ಸದ್ದು

ಎದುರು ಮನೆಯವರ ಹಳೆಯ ಕಾರಿನ ಸೈಲೆನ್ಸರು ಕಳಚಿ ಜೋತುಬಿದ್ದಿದೆ. ಬೆಳಿಗ್ಗೆ ಅದು ಹೊರಟಿತೆಂದರೆ ಬಾಲಕ್ಕೆ ಡಬ್ಬ ಕಟ್ಟಿದ ನಾಯಿ ಬೀದಿಯುದ್ದ ಓಡಿದ ಹಾಗೆ. ನೆರೆಹೊರೆಯವರು ಶಾಪ ಹಾಕುತ್ತಾರೆ. ನಾನು ಮಾತ್ರ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು, ಆ ಸದ್ದು ತಿರುವಿನಲ್ಲಿ ಕರಗುವವರೆಗೂ ಕೇಳಿಸಿಕೊಂಡು ಒಳಗೆ ಬರುತ್ತೇನೆ. ನಿಮಗೆ ವಿಚಿತ್ರ ಅನ್ನಿಸಬಹುದು. ಅಂಚೆಯವನು ಬಾಗಿಲು ತಟ್ಟಿದರೆ ಯಾರು ಸತ್ತರೋ ಎಂದು ಎದೆ ಹಿಡಿದುಕೊಳ್ಳುವ ಜಾತಿ ನನ್ನದು. ಆದರೆ ಕಾರು ಗಡಗಡ ಅಂದರೆ ನನಗೆ ಸಮಾಧಾನ. ಸದ್ದಿಲ್ಲದೆ ಹೋಗುವ ಕಾರು ಕಂಡರೇ ಭಯ.

ಯುದ್ಧದ ಕಾಲದ ಮಾತು. ಮಳವಳ್ಳಿಯ ಬಾವ, ಅಂದರೆ ಅಕ್ಕನ ಗಂಡ, ಒಂದು ಕಾರು ಇಟ್ಟಿದ್ದರು. ಶಿವನಸಮುದ್ರದ ಕರೆಂಟು ಕೆಲಸದಲ್ಲಿದ್ದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಡುವಾಗ ಬಿಟ್ಟುಹೋದದ್ದು. ಮೇಲೆ ಮಡಿಚುವ ಕ್ಯಾನ್‌ವಾಸು, ಕೆಳಗೆ ಮರದ ಹಲಗೆ. ಹಲಗೆಯ ಸಂದಿಯಲ್ಲಿ ಹಿಂದಕ್ಕೆ ಓಡುವ ರಸ್ತೆ ಕಾಣುತ್ತಿತ್ತು. ಪೆಟ್ರೋಲು ಸಿಗದ ದಿನಗಳಲ್ಲಿ ಬಾವ ಅದಕ್ಕೆ ಎತ್ತು ಕಟ್ಟಿ ಸ್ಟಿಯರಿಂಗ್ ಹಿಡಿದು ಗಂಭೀರವಾಗಿ ಕೂತು ಸಂತೆಗೆ ಹೋದದ್ದೂ ಉಂಟು. ಜನ ನಕ್ಕರೆ, "ಎತ್ತೇನು ಪುಗಸಟ್ಟೆ ನಡೀತಾವೇನ್ಲಾ? ಅವುಕ್ಕೂ ಉಳ್ಳಿ ಆಕ್ಬೇಕು" ಎನ್ನುತ್ತಿದ್ದರು.

ಅಕ್ಕ ಚೊಚ್ಚಲ ಬಾಣಂತನಕ್ಕೆ ಮದ್ದೂರಿನ ನಮ್ಮ ಮನೆಗೆ ಬಂದಿದ್ದಳು. ಹೆಣ್ಣು ಕೂಸು. ಬಾಣಂತನದ ತಿಂಗಳು ತುಂಬಿ, ಮಾಗಿಯ ಚಳಿಯಲ್ಲಿ ತಾಯಿ ಮಗುವನ್ನು ಕರೆದೊಯ್ಯಲು ಬಾವ ಕಾರು ತಂದರು. ಕಾರಿಗಿಂತ ಮೊದಲು ಅದರ ಸದ್ದು ಬಂತು. ಸೈಲೆನ್ಸರನ್ನು ಹಿಡಿದಿದ್ದ ಕೊಂಡಿ ತುಂಡಾಗಿ ಕೊಳವೆಯ ಬಾಲ ನೆಲಕ್ಕೆ ಉಜ್ಜುತ್ತಿತ್ತು. ಅವ್ವ ಕೂಸನ್ನು ಸೆರಗಿನೊಳಗೆ ಎಳೆದುಕೊಂಡು ಹೇಳಿಬಿಟ್ಟಳು.

"ನೋಡಿ ಅಳಿಯಂದ್ರೇ, ಈ ಸಬ್ದಕ್ಕೆ ಕೂಸು ಬೆಚ್ಚಿ ಬೀಳ್ತದೆ. ಇದು ನಿಲ್ಲಗಂಟ ಕಳ್ಸಕ್ಕಿಲ್ಲ. ಗಾಡಿ ಕಟ್ಟುಸ್ತೀನಿ, ಅದ್ರಾಗೇ ಓಗ್ಲಿ."

ಕಾರಿರುವ ಅಳಿಯನ ಹೆಂಡತಿ ಎತ್ತಿನ ಗಾಡಿಯಲ್ಲಿ ಬಂದಿಳಿಯುವುದೆಂದರೆ! ಬಾವ ಪಂಚೆ ಎತ್ತಿ ಕಟ್ಟಿ ಕಾರಿನ ಕೆಳಗೆ ನುಗ್ಗಿದರು. ಬಿಡಿಭಾಗ ಬೇಕೆಂದರೆ ಯುದ್ಧದ ದಿನಗಳಲ್ಲಿ ಮೈಸೂರಿನಲ್ಲೂ ಸಿಗುತ್ತಿರಲಿಲ್ಲ. ನೊಗದ ಸರಪಣಿ ತಂದು ಸೈಲೆನ್ಸರನ್ನು ಮೇಲಕ್ಕೆ ಬಿಗಿದರು. ಲೊಟಗುಟ್ಟದಂತೆ ನಡುವೆ ಒದ್ದೆ ಗೋಣಿ ತುರುಕಿದರು. ಆದರೂ ಬಾಲ ಕುಣಿಯುತ್ತಿತ್ತು. ಅದನ್ನು ಗರಗಸದಲ್ಲಿ ಕೊಯ್ದೇ ಹಾಕಿದರು. ಕೊಳವೆ ಈಗ ಹಿಂದಿನ ಸೀಟಿನ ಕೆಳಗೇ ಮುಗಿಯಿತು. ಎಂಜಿನು ಹಚ್ಚಿದರೆ ಬೆಕ್ಕು ಗುರುಗುಟ್ಟಿದಷ್ಟೇ ಸದ್ದು.

"ಏನ್ಲಾ ಬಾಮೈದ, ಎಂಗದೆ?" ಎಂದು ಮಸಿ ಮುಖದಲ್ಲಿ ನಕ್ಕರು. ಆ ನಗು ಇವತ್ತಿಗೂ ನನ್ನ ಕಣ್ಣಲ್ಲಿದೆ.

ಬಾಣಂತಿಗೂ ಕೂಸಿಗೂ ಗಾಳಿ ಸೋಕಬಾರದು. ಅವ್ವ ಕ್ಯಾನ್‌ವಾಸಿನ ಪರದೆಗಳ ಮೇಲೆ ಕಂಬಳಿ ಕಟ್ಟಿಸಿದಳು. ಪರದೆಯ ಸಂದಿಗೆಲ್ಲ ಹಳೆ ಸೀರೆ ತುರುಕಿದಳು. ಮುಂದೆ ಕೂತ ನಮಗೂ ಹಿಂದೆ ಕೂತ ಅಕ್ಕನಿಗೂ ನಡುವೆ ಇನ್ನೊಂದು ಕಂಬಳಿ ಇಳಿಬಿಟ್ಟಳು. ನಾನೂ ಜೊತೆಗೆ ಹೊರಟೆ. ಟೈರು ಸಿಡಿದರೆ? ಶಿಂಷಾ ಸೇತುವೆ ಮೇಲೆ ಎಮ್ಮೆ ಅಡ್ಡ ಬಂದರೆ? ಪೆಟ್ರೋಲು ಮುಗಿದರೆ? ಹೀಗೆ ಚಿಂತಿಸಬಹುದಾದ ಎಲ್ಲವನ್ನೂ ಚಿಂತಿಸಿ ಮುಗಿಸಿದ್ದೆ. ಅವುಗಳಲ್ಲಿ ಒಂದೂ ನಡೆಯಲಿಲ್ಲ.

ದಾರಿಯಲ್ಲಿ ಕಂಬಳಿಯ ಹಿಂದಿನಿಂದ ಅಕ್ಕನ ದನಿ ಬಂತು. "ಯಾಕೋ ತಲೆ ಸಿಡೀತದೆ ಕಣ್ಲಾ. ವಸಿ ಒಗೆ ವಾಸ್ನೆ."

ದಿನಾ ನೀರು ಹಾಕಿದ ಮೇಲೆ ಕೆಂಡಕ್ಕೆ ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ ಅವ್ವ ಅವಳಿಗೂ ಕೂಸಿಗೂ ಹೊಗೆ ಹಿಡಿಯುತ್ತಿದ್ದಳು. ಹೊಗೆ ಎಂದರೆ ನಮಗೆ ಹೆದರುವ ವಸ್ತುವೇ ಅಲ್ಲ.

"ಬಾಣಂತಿ ಮೈಗೆ ಒಗೆ ಒಳ್ಳೇದು ಕಣಮ್ಮಿ," ಬಾವ ನಕ್ಕರು. "ನಿಮ್ಮವ್ವ ಇಲ್ಲ ಅಂತ ನಮ್ಮ ಕಾರೇ ಆಕ್ತಾ ಅದೆ."

ಅಕ್ಕನೂ ನಕ್ಕಳು. ಆಮೇಲೆ ಮಾತಿಲ್ಲ. ಮಲಗಿದರೆಂದುಕೊಂಡು ನಾವಿಬ್ಬರೂ ಪಿಸುಮಾತಿಗೆ ಇಳಿದೆವು. "ನೋಡ್ದೇನ್ಲಾ, ಕೂಸು ಮಿಸುಕ್ನಿಲ್ಲ. ನಿಮ್ಮವ್ವನಿಗೆ ಏಳು," ಎಂದರು ಬಾವ.

ಮಳವಳ್ಳಿಯಲ್ಲಿ ಆರತಿ ತಟ್ಟೆ ಹಿಡಿದವರ ಎದುರಿಗೇ ಕಂಬಳಿ ಬಿಚ್ಚಿದೆವು. ಅಕ್ಕ ಎಚ್ಚರವಿಲ್ಲದೆ ಪಕ್ಕಕ್ಕೆ ವಾಲಿದ್ದಳು. ಕಂಬಳಿಯ ಅಂಚನ್ನು ಬೆರಳಷ್ಟು ಸರಿಸಿ ಆ ಸಂದಿಗೆ ಮೂಗು ಇಟ್ಟಿದ್ದಳು. ಕೂಸು ಮಡಿಲಲ್ಲಿತ್ತು, ಕೆನ್ನೆ ಕೆಂಪಗೆ, ಮಲಗಿದ ಹಾಗೆ. ಅದು ಏಳಲಿಲ್ಲ.

ಆಸ್ಪತ್ರೆಯ ಡಾಕ್ಟರು ಕಾರಿನ ಕೆಳಗೆ ಬಗ್ಗಿ ನೋಡಿದರು. "ಈ ಹೊಗೆ ವಿಷ ಗೌಡ್ರೆ. ಆಕೆ ಆ ಸಂದಿಯಿಂದ ಗಾಳಿ ಕುಡಿದಳು, ಉಳಿದಳು."

ಅವ್ವ ಒಪ್ಪಲಿಲ್ಲ. "ಒಗೆ ಯಾವತ್ತಾರಾ ಕೂಸ್ನ ಕೊಂದದಾ? ಗಾಳಿ ಸೋಕ್ತು. ಇವ್ಳು ಕಂಬ್ಳಿ ಸರಿಸಿದ್ಲು, ಗಾಳಿ ಸೋಕ್ತು." ಅಕ್ಕ ಅದನ್ನೇ ನಂಬಿದಳು. ಕಂಬಳಿ ಸರಿಸಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ದಿನವಿಡೀ ನೋಡುತ್ತ ಕೂರುತ್ತಿದ್ದಳು. ಅನ್ನ ಮುಟ್ಟುತ್ತಿರಲಿಲ್ಲ. ಹೀಗೇ ಬಿಟ್ಟರೆ ಅವಳೂ ಹೋಗುತ್ತಾಳೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು.

ಒಂದು ಬೆಳಿಗ್ಗೆ ಬಾವ ಅವಳನ್ನು ರಟ್ಟೆ ಹಿಡಿದು ಕಾರಿನ ಹತ್ತಿರ ಕರೆತಂದರು. ಹಿಂದಿನ ಸೀಟು ಕಿತ್ತು ಹಾಕಿ, ಎಂಜಿನು ಹಚ್ಚಿದರು. ಹಲಗೆಯ ಸಂದಿಯಿಂದ ನೀಲಿ ಹೊಗೆ ಸುರುಳಿಯಾಗಿ ಏಳತೊಡಗಿತು.

"ಕೈ ಇಡು ಇಲ್ಲಿ," ಎಂದರು. ಅವಳು ಇಟ್ಟಳು. ಅಂಗೈ ಮಸಿಯಾಯಿತು. "ನೀನಲ್ಲ ಕಣಮ್ಮಿ. ಗಾಳಿಯೂ ಅಲ್ಲ. ಈ ಬಾಲ ಕೊಯ್ದೋನು ನಾನು."

ಅಕ್ಕ ಬಹಳ ಹೊತ್ತು ಅಂಗೈ ನೋಡಿದಳು. ಬಾವನನ್ನು ಬಯ್ಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡೆ. ಅವರೂ ಅದಕ್ಕೇ ತಲೆ ತಗ್ಗಿಸಿ ನಿಂತಿದ್ದರು ಅಂತ ಕಾಣುತ್ತದೆ.

"ಅಂಗಾದ್ರೆ," ಎಂದಳು, "ಕಂಬ್ಳೀನ ಪೂರ್ತಿ ಕಿತ್ತಾಕ್ಬೇಕಾಗಿತ್ತು ನಾನು."

ಬಾವ ಬಗ್ಗಿ ಎಂಜಿನು ಆರಿಸಿದರು. ಅಕ್ಕ ಅವತ್ತು ಒಂದು ತುತ್ತು ಉಂಡಳು. ಮುಂದೆ ಮಕ್ಕಳಾದವು, ಬೆಳೆದವು. ಬಾವ ಮತ್ತೆ ಕಾರು ಹತ್ತಲಿಲ್ಲ. ಹಿತ್ತಲಲ್ಲಿ ಅದರೊಳಗೆ ಕೋಳಿ ಮೊಟ್ಟೆಯಿಟ್ಟವು.

ಈಗ ನನ್ನ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಮೊನ್ನೆ ಅಕ್ಕ ಕೂಸು ನೋಡಲು ಬಂದಳು. ನನ್ನ ಹೆಂಡತಿ ಕೋಣೆಯ ಕಿಟಕಿ ಮುಚ್ಚಿ ಸಂದಿಗೆ ಬಟ್ಟೆ ತುರುಕಿದ್ದಳು. ಒಳಗೆ ಕೆಂಡದ ಹೊಗೆ ಕವಿದಿತ್ತು. ಶೀತವಾದೀತು ಎಂಬುದೊಂದು ಚಿಂತೆ, ಉಸಿರು ಕಟ್ಟೀತು ಎಂಬುದೊಂದು. ಎರಡಕ್ಕೂ ಮರ್ಯಾದೆ ಕೊಟ್ಟು ನಾನು ಕಿಟಕಿಯನ್ನು ಎರಡು ಬೆರಳಷ್ಟು ತೆರೆದೆ.

"ಚಳಿ ಕಣತ್ಗೆ, ನೀವಾದ್ರೂ ಏಳಿ ಇವ್ರಿಗೆ," ಎಂದಳು ನನ್ನ ಹೆಂಡತಿ.

ಅಕ್ಕ ಕೂಸನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಬಂದು ಕೂತಳು.

"ವಸಿ ಅಲ್ಲ ಕಣ್ಲಾ," ಎಂದಳು. "ಪೂರ್ತಿ ತೆಗಿ."